ನಿರ್ದೇಶಕರು ಯಾರ ನ್ಯಾಸವನ್ನು ಕಾಯುತ್ತಾರೆ?

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬರುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳು ಹತ್ತು ದಿನ ಹತ್ತು ಧರ್ಮಗಳ ಪ್ರವಚನ ಕೇಳಿ, ಕೊನೆಗೆ ಪರಸ್ಪರ ಕ್ಷಮೆ ಯಾಚಿಸಿ ಮನೆಗೆ ಮರಳುತ್ತವೆ. ಅದೇ ವಾರಗಳಲ್ಲಿ ಆ ಮನೆಗಳ ಮಿಂಚಂಚೆಗೆ ಇನ್ನೊಂದು ಬಗೆಯ ಕರೆಯೂ ಬರುತ್ತಿರುತ್ತದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಕಂಪನಿಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಾಮಾನ್ಯ ಸಭೆ ನಡೆಸಬೇಕು. ಆದ್ದರಿಂದ ಪರ್ವದ ಕಾಲ ಸಭೆಯ ಸೂಚನೆಗಳ ಕಾಲವೂ ಹೌದು. ಪ್ರವಚನಕ್ಕೆ ತಪ್ಪದೆ ಹೋಗುವ ಶ್ರಾವಕರು ಈ ಸೂಚನೆಯನ್ನು ಮಾತ್ರ ತೆರೆಯುವುದೇ ಇಲ್ಲ. ಲಾಭಾಂಶ ಖಾತೆಗೆ ಬಂದಿತೇ ಎಂಬುದಷ್ಟೇ ಅವರ ವಿಚಾರಣೆ.

ಇದು ಕೇವಲ ಆಲಸ್ಯದ ಮಾತಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೂಟಲೇಖಕ್ರಿಯೆ ಒಂದು, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು. ನ್ಯಾಸಾಪಹಾರ ಇನ್ನೊಂದು. ಇರಿಸಿಹೋದ ಧನದ ಪ್ರಮಾಣವನ್ನು ಮರೆತು ಧಣಿ ಕಡಿಮೆ ಕೇಳಿದಾಗ, ಇಟ್ಟುಕೊಂಡವನು ತಿದ್ದದೆ ಹೂಂಗುಟ್ಟಿ ಉಳಿದದ್ದನ್ನು ತನ್ನದಾಗಿಸಿಕೊಳ್ಳುವುದು ಎಂದು ವ್ಯಾಖ್ಯಾನಕಾರರು ಅದನ್ನು ವಿವರಿಸುತ್ತಾರೆ. ಗಮನಿಸಬೇಕಾದದ್ದು, ಪರರ ಹಣಕ್ಕೆ ಸಂಬಂಧಿಸಿದ ಈ ದೋಷವನ್ನು ಆಚಾರ್ಯರು ಅಚೌರ್ಯದ ಕೆಳಗೆ ಇಡದೆ ಸತ್ಯದ ಕೆಳಗೆ ಇಟ್ಟರು. ಕೈ ಕದಿಯುವುದಕ್ಕೆ ಮೊದಲೇ ಬಾಯಿ ತಪ್ಪಿರುತ್ತದೆ ಎಂಬ ಅರಿವು ಅವರಿಗಿತ್ತು. ಆಧುನಿಕ ಕಂಪನಿಯ ನಿರ್ದೇಶಕ ಮಂಡಳಿಯ ಅಪರಾಧಗಳನ್ನು ಹೆಸರಿಸಲು ಈ ಎರಡು ಪದಗಳಿಗಿಂತ ಉತ್ತಮವಾದವು ದೊರೆಯಲಾರವು.

ಈ ಮಾತಿಗೆ ಭಾರತದ ಅತಿ ದೊಡ್ಡ ಉದಾಹರಣೆ, ವಿಧಿಯ ವಿನೋದವೋ ಎಂಬಂತೆ, ಸತ್ಯಂ ಎಂಬ ಹೆಸರಿನ ಕಂಪನಿಯದೇ.

2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್‌ನ ನಿರ್ದೇಶಕ ಮಂಡಳಿ ಒಂದು ನಿರ್ಣಯ ಅಂಗೀಕರಿಸಿತು. ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬಕ್ಕೇ ಸೇರಿದ ಮೇಟಾಸ್ ಪ್ರಾಪರ್ಟೀಸ್ ಮತ್ತು ಮೇಟಾಸ್ ಇನ್ಫ್ರಾ ಎಂಬ ಎರಡು ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳುವುದು ಆ ನಿರ್ಣಯ. ಸಾಫ್ಟ್‌ವೇರ್ ಕಂಪನಿಗೆ ಭೂಮಿ ಮತ್ತು ರಸ್ತೆ ಗುತ್ತಿಗೆಯ ವ್ಯವಹಾರ ಏಕೆ ಬೇಕು? ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಕೇಂದ್ರ ಸರ್ಕಾರದ ನಿವೃತ್ತ ಸಂಪುಟ ಕಾರ್ಯದರ್ಶಿಗಳು, ಪ್ರಸಿದ್ಧ ವಾಣಿಜ್ಯ ಶಾಲೆಯ ಡೀನರು ಆ ಮಂಡಳಿಯಲ್ಲಿ ಇದ್ದರು. ಅದೇ ವರ್ಷ ಕಂಪನಿಗೆ ಉತ್ತಮ ಆಡಳಿತಕ್ಕಾಗಿ ಒಂದು ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂದಿತ್ತು. ಇಷ್ಟೆಲ್ಲ ಇದ್ದೂ ನಿರ್ಣಯಕ್ಕೆ ಅಡ್ಡಿಯಾಗಲಿಲ್ಲ.

ಅಡ್ಡಿ ಬಂದದ್ದು ಹೊರಗಿನಿಂದ. ಸುದ್ದಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ನ್ಯೂಯಾರ್ಕಿನಲ್ಲಿ ಸತ್ಯಂ ಪತ್ರಗಳ ಬೆಲೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು, ಹೂಡಿಕೆ ಸಂಸ್ಥೆಗಳು ಬಹಿರಂಗವಾಗಿ ವಿರೋಧಿಸಿದವು, ಆ ರಾತ್ರಿ ಕಳೆಯುವುದರೊಳಗೆ ಮಂಡಳಿ ತನ್ನ ನಿರ್ಣಯವನ್ನು ಹಿಂತೆಗೆದುಕೊಂಡಿತು. ಮೂರು ವಾರಗಳ ಬಳಿಕ, 2009ರ ಜನವರಿ 7ರಂದು, ರಾಜು ತಮ್ಮ ಪತ್ರದಲ್ಲಿ ಎಲ್ಲವನ್ನೂ ಒಪ್ಪಿಕೊಂಡರು. ಲೆಕ್ಕಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಮೇಟಾಸ್ ಖರೀದಿಯು ಆ ಸುಳ್ಳು ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿಯನ್ನು ತುಂಬುವ ಕೊನೆಯ ಯತ್ನವಾಗಿತ್ತು. ಅಂದರೆ ವರ್ಷಗಟ್ಟಲೆ ನಡೆದ ಕೂಟಲೇಖ ಬಯಲಾದದ್ದಕ್ಕೆ ಮೂಲ ಕಾರಣ ಲೆಕ್ಕಪರಿಶೋಧಕರೂ ಅಲ್ಲ, ಸ್ವತಂತ್ರ ನಿರ್ದೇಶಕರೂ ಅಲ್ಲ, ಸರ್ಕಾರದ ಕಚೇರಿಯೂ ಅಲ್ಲ. ಷೇರುದಾರರು ಒಂದು ರಾತ್ರಿ ಬೇಡವೆಂದದ್ದು.

ಆ ಒಂದು ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿಯಿತು. ಕಂಪನಿ ಉಳಿಯಿತು: ಸರ್ಕಾರ ಹಳೆಯ ಮಂಡಳಿಯನ್ನು ತೆಗೆದು ದೀಪಕ್ ಪಾರೇಖ್, ಕಿರಣ್ ಕಾರ್ನಿಕ್, ಸಿ. ಅಚ್ಯುತನ್ ಅವರನ್ನು ನೇಮಿಸಿತು, ಏಪ್ರಿಲ್ ತಿಂಗಳಲ್ಲಿ ಟೆಕ್ ಮಹೀಂದ್ರ ಅದನ್ನು ಕೊಂಡಿತು. ನೌಕರರ ಕೆಲಸಗಳು ಬಹುಮಟ್ಟಿಗೆ ಉಳಿದವು. ಹೈದರಾಬಾದಿನ ವಿಶೇಷ ನ್ಯಾಯಾಲಯ 2015ರಲ್ಲಿ ರಾಜು ಮತ್ತಿತರರಿಗೆ ಏಳು ವರ್ಷಗಳ ಸೆರೆವಾಸ ವಿಧಿಸಿತು. ಆದರೆ ಹಣ ಕಳೆದುಕೊಂಡ ಸಾಮಾನ್ಯ ಷೇರುದಾರನ ಗತಿ? ಅಮೆರಿಕದಲ್ಲಿ ಸತ್ಯಂ ಪತ್ರ ಕೊಂಡವರು ಅಲ್ಲಿನ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆ ಹೂಡಿದರು. ಕಂಪನಿ 12.5 ಕೋಟಿ ಡಾಲರ್, ಲೆಕ್ಕಪರಿಶೋಧನಾ ಸಂಸ್ಥೆ 2.55 ಕೋಟಿ ಡಾಲರ್ ಕೊಡಲು ಒಪ್ಪಿದವು. ಭಾರತದಲ್ಲಿ ಹೂಡಿಕೆದಾರರ ಸಂಘವೊಂದು 4,987 ಕೋಟಿ ರೂಪಾಯಿ ಪರಿಹಾರ ಕೋರಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಯಿತು. ಅಲ್ಲಿಯೂ ಬಾಗಿಲು ತೆರೆಯಲಿಲ್ಲ, ಸರ್ವೋಚ್ಚ ನ್ಯಾಯಾಲಯದಲ್ಲಿಯೂ ತೆರೆಯಲಿಲ್ಲ. ಒಂದೇ ಕಂಪನಿ, ಒಂದೇ ಸುಳ್ಳು. ಷೇರು ಕೊಂಡ ದೇಶವನ್ನು ನೋಡಿ ನ್ಯಾಯ ದೊರೆಯಿತು.

ಈ ವ್ಯತ್ಯಾಸಕ್ಕೆ ಹಳೆಯ ಬೇರೊಂದಿದೆ. 1843ರಲ್ಲಿ ಇಂಗ್ಲೆಂಡಿನ ಫಾಸ್ ಮತ್ತು ಹಾರ್ಬಾಟಲ್ ಪ್ರಕರಣದಲ್ಲಿ ಇಬ್ಬರು ಷೇರುದಾರರು ದೂರಿದರು: ನಿರ್ದೇಶಕರು ತಮ್ಮದೇ ಭೂಮಿಯನ್ನು ವಿಪರೀತ ಬೆಲೆಗೆ ಕಂಪನಿಗೆ ಮಾರಿದ್ದಾರೆ ಎಂದು. (ಮೇಟಾಸ್ ಕಥೆ ಹೊಸದೇನೂ ಅಲ್ಲ.) ಹಾನಿಯಾದದ್ದು ಕಂಪನಿಗೆ, ಆದ್ದರಿಂದ ದಾವೆ ಹೂಡಬೇಕಾದದ್ದು ಕಂಪನಿಯೇ ಹೊರತು ಷೇರುದಾರರಲ್ಲ ಎಂದು ನ್ಯಾಯಾಲಯ ಹೇಳಿತು. ಕಂಪನಿಯ ಪರವಾಗಿ ದಾವೆ ಹೂಡಬೇಕೆಂದು ನಿರ್ಧರಿಸುವವರು ಯಾರು? ಅದೇ ನಿರ್ದೇಶಕರು. ಈ ತರ್ಕಕ್ಕೆ ಅಪವಾದಗಳು ಕಾಲಕ್ರಮದಲ್ಲಿ ಸೇರಿದವು, ಆದರೆ ಅದರ ನೆರಳು ಭಾರತದ ಕಾನೂನಿನ ಮೇಲೆ ಬಹುಕಾಲ ಬಿದ್ದಿತ್ತು.

2013ರ ಕಂಪನಿ ಅಧಿನಿಯಮ ಆ ನೆರಳನ್ನು ಸರಿಸಲು ಯತ್ನಿಸಿತೆಂಬುದನ್ನು ಒಪ್ಪಬೇಕು. 1956ರ ಹಳೆಯ ಅಧಿನಿಯಮದಲ್ಲಿ ನಿರ್ದೇಶಕರ ಕರ್ತವ್ಯಗಳನ್ನು ಒಂದೆಡೆ ಬರೆದಿರಲಿಲ್ಲ. ನ್ಯಾಯಾಲಯಗಳ ತೀರ್ಪುಗಳಲ್ಲಿ ಅವನ್ನು ಹುಡುಕಬೇಕಿತ್ತು. ಹೊಸ ಅಧಿನಿಯಮದ 166ನೆಯ ಪರಿಚ್ಛೇದ ಅವನ್ನು ಬರೆದಿಟ್ಟಿತು: ಸದ್ಭಾವನೆಯಿಂದ, ಸದಸ್ಯರೆಲ್ಲರ ಒಟ್ಟು ಹಿತಕ್ಕಾಗಿ ನಡೆಯಬೇಕು, ತಕ್ಕ ಎಚ್ಚರ ವಹಿಸಬೇಕು, ಸ್ವಹಿತ ಕಂಪನಿಯ ಹಿತಕ್ಕೆ ಎದುರಾಗುವ ಸ್ಥಿತಿಗೆ ಸಿಲುಕಬಾರದು, ತನಗಾಗಲಿ ಬಂಧುಗಳಿಗಾಗಲಿ ಅನುಚಿತ ಲಾಭ ಮಾಡಿಕೊಂಡರೆ ಅಷ್ಟನ್ನೂ ಕಂಪನಿಗೆ ಹಿಂದಿರುಗಿಸಬೇಕು. ಈ ಪರಿಚ್ಛೇದದ ಉಲ್ಲಂಘನೆಗೆ ದಂಡ ಮಾತ್ರ 1 ಲಕ್ಷದಿಂದ 5 ಲಕ್ಷ ರೂಪಾಯಿ. ಸಾವಿರ ಕೋಟಿಗಳ ಮಂಡಳಿಗೆ ಅದು ಸಭೆಯ ಉಪಾಹಾರದ ವೆಚ್ಚ. ವಂಚನೆ ಸಾಬೀತಾದರೆ 447ನೆಯ ಪರಿಚ್ಛೇದದಂತೆ ಹತ್ತು ವರ್ಷಗಳವರೆಗೆ ಸೆರೆಯುಂಟು. ಅಸಡ್ಡೆಗೂ ವಂಚನೆಗೂ ನಡುವಿನ ವಿಶಾಲ ಭೂಮಿಯಲ್ಲಿಯೇ ಬಹುಪಾಲು ನಿರ್ದೇಶಕರು ವಾಸಿಸುತ್ತಾರೆ.

245ನೆಯ ಪರಿಚ್ಛೇದ ಸಾಮೂಹಿಕ ದಾವೆಗೆ ಅವಕಾಶ ಕೊಟ್ಟಿತು. ನೂರು ಮಂದಿ ಸದಸ್ಯರು ಒಟ್ಟಾಗಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಿ ಕಂಪನಿಯಿಂದ, ನಿರ್ದೇಶಕರಿಂದ, ಲೆಕ್ಕಪರಿಶೋಧಕರಿಂದಲೂ ಪರಿಹಾರ ಕೇಳಬಹುದು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಲ್ಲಿ ಶೇಕಡಾ 2ರಷ್ಟು ಬಂಡವಾಳ ಹೊಂದಿದವರೂ ಹೋಗಬಹುದು. ಅಸ್ತ್ರ ಒಳ್ಳೆಯದು. ಆದರೆ ಅದು ಕೈಗೆ ಬಂದ ರೀತಿಯನ್ನು ನೋಡಬೇಕು. 2013ರಲ್ಲಿ ಶಾಸನವಾದ ಈ ಪರಿಚ್ಛೇದ ಜಾರಿಗೆ ಬಂದದ್ದು 2016ರ ಜೂನ್ 1ರಂದು. ಶೇಕಡಾವಾರು ಮಿತಿಗಳ ನಿಯಮ ಬಂದದ್ದು 2019ರ ಮೇ ತಿಂಗಳಲ್ಲಿ, ರಾಜು ಪತ್ರ ಬರೆದ ಹತ್ತು ವರ್ಷಗಳಾದ ಮೇಲೆ. ಈ ನಡುವೆ ಅಧಿಕಾರದಲ್ಲಿ ಕುಳಿತ ಎರಡೂ ಪಕ್ಷಗಳಿಗೆ ಸಣ್ಣ ಹೂಡಿಕೆದಾರ ಭಾಷಣದಲ್ಲಿ ಪ್ರಿಯನಾಗಿದ್ದ, ರಾಜಪತ್ರದಲ್ಲಿ ಅಲ್ಲ. ಮೇಲಾಗಿ, ಬ್ಯಾಂಕಿಂಗ್ ಕಂಪನಿಗಳಿಗೆ ಈ ಪರಿಚ್ಛೇದ ಅನ್ವಯಿಸುವುದೇ ಇಲ್ಲ. ನಿವೃತ್ತಿಯ ಹಣದಿಂದ ಖಾಸಗಿ ಬ್ಯಾಂಕುಗಳ ಷೇರು ಕೊಂಡ ಹಿರಿಯರಿಗೆ ಇದು ತಿಳಿದಿರಬೇಕು.

ವೆಚ್ಚದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ವಕೀಲರಿಗೆ ಮೊದಲ ಕಂತು ಕೊಡುವವರು ಯಾರು? ಇದಕ್ಕೂ ಅಧಿನಿಯಮದಲ್ಲಿಯೇ ಉತ್ತರವಿದೆ. ಏಳು ವರ್ಷ ಯಾರೂ ಕೇಳದ ಲಾಭಾಂಶ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗುತ್ತದೆ. ಆ ಏಳು ವರ್ಷ ಎಡೆಬಿಡದೆ ಲಾಭಾಂಶ ಕೇಳದಿದ್ದರೆ ಷೇರುಗಳೇ ಅಲ್ಲಿಗೆ ಹೋಗುತ್ತವೆ. ನ್ಯಾಯಮಂಡಳಿ ಮಂಜೂರು ಮಾಡಿದರೆ ಸಾಮೂಹಿಕ ದಾವೆಯ ಕಾನೂನು ವೆಚ್ಚವನ್ನು ಈ ನಿಧಿಯಿಂದ ಮರುಪಾವತಿ ಮಾಡಬಹುದೆಂದು 125ನೆಯ ಪರಿಚ್ಛೇದ ಹೇಳುತ್ತದೆ. ಮರುಪಾವತಿ ಎಂದರೆ ಖರ್ಚು ಮೊದಲು, ಹಣ ಆಮೇಲೆ. ನೂರು ಮಂದಿ ಪಿಂಚಣಿದಾರರು ಬಲಾಢ್ಯ ಮಂಡಳಿಯೊಂದರ ಎದುರು ವರ್ಷಗಟ್ಟಲೆ ಕೈಯಿಂದ ಖರ್ಚು ಮಾಡಿ ಕಾಯಲಾರರು. ಮರೆತ ಷೇರುದಾರರ ನ್ಯಾಸವೇ ಈ ನಿಧಿ. ಅದರಿಂದ, ಪ್ರಾಥಮಿಕ ಪರಿಶೀಲನೆಯಲ್ಲಿ ಹುರುಳಿದೆಯೆಂದು ಕಂಡ ದಾವೆಗಳಿಗೆ ಮುಂಗಡ ಕೊಡುವ ತಿದ್ದುಪಡಿಯನ್ನು ಸಂಸತ್ತು ತರಬೇಕು. ಬ್ಯಾಂಕುಗಳಿಗೆ ಕೊಟ್ಟ ವಿನಾಯಿತಿಯನ್ನೂ ತೆಗೆಯಬೇಕು. ಮುಂಬಯಿಯಿಂದ, ಪುಣೆಯಿಂದ ಆಯ್ಕೆಯಾದ ಸಂಸದರು ಸಮಾಜದ ಸಮಾರಂಭಗಳಿಗೆ ಹಾರ ಹಾಕಿಸಿಕೊಳ್ಳಲು ಬಂದಾಗ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದಾಗಲಿ. ಅಲ್ಪಸಂಖ್ಯಾತ ಎಂಬ ಪದ ಸಮಾಜದ ಮನವಿಪತ್ರಗಳಲ್ಲಿ ಹೇರಳವಾಗಿ ಬರುತ್ತದೆ. ಅಲ್ಪಸಂಖ್ಯಾತ ಷೇರುದಾರ ಮಾತ್ರ ಯಾವ ಮನವಿಯಲ್ಲಿಯೂ ಕಾಣಿಸುವುದಿಲ್ಲ.

ಸಣ್ಣ ಷೇರುದಾರರ ಪರವಾಗಿ ಒಬ್ಬ ನಿರ್ದೇಶಕನನ್ನು ಆರಿಸಲು 151ನೆಯ ಪರಿಚ್ಛೇದ ಅವಕಾಶ ಕೊಡುತ್ತದೆ. ಆದರೆ ಅಲ್ಲಿ ಬಳಸಿದ ಪದ 'ಬಹುದು'. 'ತಕ್ಕದ್ದು' ಅಲ್ಲ. ಕಾನೂನಿನಲ್ಲಿ ಈ ಎರಡು ಪದಗಳ ನಡುವೆ ಇರುವ ಅಂತರದಲ್ಲಿ ಎಷ್ಟೋ ಹಕ್ಕುಗಳು ಬಿದ್ದುಹೋಗಿವೆ.

ಹಾಗಾದರೆ ದಾವೆಯೊಂದೇ ದಾರಿಯೇ? ಅಲ್ಲ, ಮತವಿದೆ. ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಪ್ರಸಂಗ ಇಲ್ಲಿ ನೆನೆಯತಕ್ಕದ್ದು. ಮದ್ಯದ ಕಂಪನಿಯಲ್ಲಿ ಹಣ ತೊಡಗಿಸುವುದು ಶ್ರಾವಕರಿಗೆ ಸಲ್ಲದು, ಆದರೆ ಪಾಠ ಎಲ್ಲಿಂದ ಬಂದರೂ ಪಾಠವೇ. 2014ರ ನವೆಂಬರ್‌ನಲ್ಲಿ, ವಿಜಯ್ ಮಲ್ಯ ಅವರ ಇತರ ಸಂಸ್ಥೆಗಳೊಂದಿಗೆ ಆ ಕಂಪನಿ ಮಾಡಿಕೊಂಡಿದ್ದ ಹನ್ನೆರಡು ಒಪ್ಪಂದಗಳನ್ನು ಷೇರುದಾರರ ಮುಂದಿಡಲಾಯಿತು. ಸಂಬಂಧಿತ ಪಕ್ಷದವರು ಮತ ಹಾಕುವಂತಿರಲಿಲ್ಲ. ಉಳಿದ ಷೇರುದಾರರು ಒಂಬತ್ತನ್ನು ತಿರಸ್ಕರಿಸಿದರು. 2021ರಲ್ಲಿ ಐಷರ್ ಮೋಟಾರ್ಸ್‌ನಲ್ಲಿ ವ್ಯವಸ್ಥಾಪಕ ನಿರ್ದೇಶಕರ ಮರುನೇಮಕ ಮತ್ತು ವೇತನದ ನಿರ್ಣಯ ವಿಶೇಷ ನಿರ್ಣಯಕ್ಕೆ ಬೇಕಾದ ಶೇಕಡಾ 75ನ್ನು ಮುಟ್ಟದೆ ಬಿದ್ದಿತು. ಮಂಡಳಿ ವೇತನದ ಮಿತಿಯನ್ನು ತಗ್ಗಿಸಿ ಮತ್ತೆ ಬರಬೇಕಾಯಿತು. ಈ ಎರಡರಲ್ಲಿಯೂ ಭಾರ ಹೊತ್ತವು ಮುಖ್ಯವಾಗಿ ಮ್ಯೂಚುವಲ್ ಫಂಡ್‌ಗಳು, ವಿದೇಶಿ ಹೂಡಿಕೆ ಸಂಸ್ಥೆಗಳು ಎಂಬುದು ನಿಜ. ಐವತ್ತು ಷೇರಿನ ಒಡೆಯನ ಮತದಿಂದ ಏನಾದೀತು ಎಂಬ ಮಾತೂ ಬರುತ್ತದೆ. ಕಟ್ಟುನಿಟ್ಟಾಗಿ ಲೆಕ್ಕ ಹಾಕಿದರೆ ಹೆಚ್ಚೇನೂ ಆಗದು. ಆದರೆ ಪ್ರವರ್ತಕರಿಗೆ ಮತದಾನದ ಹಕ್ಕಿಲ್ಲದ ನಿರ್ಣಯಗಳಲ್ಲಿ ಚಲಾವಣೆಯಾದ ಮತಗಳಷ್ಟೇ ಗಣನೆಗೆ ಬರುತ್ತವೆ. ಲಕ್ಷಾಂತರ ಜನ ಸುಮ್ಮನಿರುವಾಗ ಮಾತಾಡಿದ ಕೆಲವರ ತೂಕ ಹೆಚ್ಚುತ್ತದೆ.

ನೋಂದಾಯಿತ ಕಂಪನಿಗಳ ಮಾತು ಇಷ್ಟಿರಲಿ. ಸಮಾಜಕ್ಕೆ ಹೆಚ್ಚು ಸಮೀಪವಾದದ್ದು ಕುಟುಂಬದ ಖಾಸಗಿ ಕಂಪನಿ.

ಅಜ್ಜನ ಕಾಲದ ಅಂಗಡಿ ಮಗನ ಕಾಲದಲ್ಲಿ ಪಾಲುದಾರಿಕೆಯಾಗಿ, ಮೊಮ್ಮಗನ ಕಾಲದಲ್ಲಿ ಪ್ರೈವೇಟ್ ಲಿಮಿಟೆಡ್ ಆಗಿರುವ ಮನೆಗಳು ಹುಬ್ಬಳ್ಳಿ, ಬೆಳಗಾವಿ, ಮೂಡುಬಿದಿರೆಯ ಮೂಲದವರಲ್ಲಿ ಅನೇಕ. ಹಿರಿಯಣ್ಣ ಊರಿನಲ್ಲಿ ವ್ಯವಹಾರ ನೋಡುತ್ತಾನೆ, ತಮ್ಮ ಪುಣೆಯಲ್ಲಿ, ತಂಗಿ ಚೆನ್ನೈಯಲ್ಲಿ. ವರ್ಷಕ್ಕೊಮ್ಮೆ ಕಾಗದಗಳು ಕೊರಿಯರಿನಲ್ಲಿ ಬರುತ್ತವೆ, ಪೆನ್ಸಿಲಿನ ಗುರುತಿದ್ದಲ್ಲಿ ಸಹಿ ಬೀಳುತ್ತದೆ. ಏನೆಂದು ಕೇಳಿದರೆ ಅಣ್ಣನ ಮೇಲೆ ಅಪನಂಬಿಕೆ ಎಂದಾಗುತ್ತದೆ. ಅತ್ತಿಗೆಯ ಹೆಸರು ನಿರ್ದೇಶಕಿ ಎಂದು ದಾಖಲೆಯಲ್ಲಿರುತ್ತದೆ, ಆಕೆಗೆ ಕಂಪನಿಯ ನೋಂದಾಯಿತ ಕಚೇರಿಯ ವಿಳಾಸವೂ ತಿಳಿದಿರುವುದಿಲ್ಲ.

2017ರ ಸೆಪ್ಟೆಂಬರಿನಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳನ್ನು ನೋಂದಣಿಯಿಂದ ತೆಗೆದುಹಾಕಿತು. ಮೂರು ವರ್ಷ ಸತತವಾಗಿ ಲೆಕ್ಕಪತ್ರ ಸಲ್ಲಿಸದ ಕಂಪನಿಗಳ ಲಕ್ಷಾಂತರ ನಿರ್ದೇಶಕರನ್ನು ಐದು ವರ್ಷಗಳಿಗೆ ಅನರ್ಹರೆಂದು ಸಾರಿತು. ಆ ಪಟ್ಟಿ ಹೊರಬಿದ್ದಾಗ, ತಾವು ನಿರ್ದೇಶಕಿಯರಾಗಿದ್ದೇವೆಂಬುದನ್ನೇ ಮೊದಲ ಬಾರಿ ತಿಳಿದ ಗೃಹಿಣಿಯರು ಯಾವ ಸಮಾಜದಲ್ಲಿ ಇರಲಿಲ್ಲ? ಅನರ್ಹತೆಯಾದರೆ ಹೋಗಲಿ. ಖಾಸಗಿ ಕಂಪನಿಯ ತೆರಿಗೆ ಬಾಕಿ ಕಂಪನಿಯಿಂದ ವಸೂಲಾಗದಿದ್ದರೆ ಅದನ್ನು ನಿರ್ದೇಶಕರಿಂದ ವಸೂಲು ಮಾಡುವ ಅಧಿಕಾರ ಆದಾಯ ತೆರಿಗೆ ಇಲಾಖೆಗಿದೆ. ತನ್ನ ಕಡೆಯಿಂದ ಘೋರ ನಿರ್ಲಕ್ಷ್ಯವಾಗಿಲ್ಲವೆಂದು ಸಾಬೀತು ಮಾಡುವ ಹೊಣೆ ಆ ನಿರ್ದೇಶಕಿಯದೇ. ಪತಿಯ ಮೇಲಿನ ಪ್ರೀತಿಯಿಂದ ಹಾಕಿದ ಸಹಿ ನ್ಯಾಯಾಧಿಕರಣದ ಮುಂದೆ ಪ್ರೀತಿಯ ಸಾಕ್ಷಿಯಾಗುವುದಿಲ್ಲ. ಹೆಣ್ಣುಮಕ್ಕಳಿಗೆ ಸ್ವಾಧ್ಯಾಯದ ಹಕ್ಕಿಗಾಗಿ, ಆಸ್ತಿಯ ಹಕ್ಕಿಗಾಗಿ ದನಿಯೆತ್ತಿದ ಸುಧಾರಕರ ಮುಂದಿರುವ ಹೊಸ ಕೆಲಸ ಇದು: ಓದದೆ ಸಹಿ ಮಾಡಿಸುವ ಪದ್ಧತಿಯನ್ನು ನಿಲ್ಲಿಸುವುದು.

ದೂರದಲ್ಲಿರುವ ಷೇರುದಾರನಿಗೆ ಕಾನೂನು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ 2004ರ ಡೇಲ್ ಅಂಡ್ ಕ್ಯಾರಿಂಗ್ಟನ್ ತೀರ್ಪು ಸಾಕ್ಷಿ. ಬಹುಪಾಲು ಷೇರುಗಳ ಒಡೆಯ ವಿದೇಶದಲ್ಲಿದ್ದ. ಊರಿನಲ್ಲಿ ಕಂಪನಿ ನಡೆಸುತ್ತಿದ್ದ ವ್ಯವಸ್ಥಾಪಕ ನಿರ್ದೇಶಕ ಹೊಸ ಷೇರುಗಳನ್ನು ತನಗೇ ಹಂಚಿಕೊಂಡು, ಆ ಒಡೆಯನನ್ನು ಅಲ್ಪಪಾಲಿಗೆ ಇಳಿಸಿದ. ನಿರ್ದೇಶಕರ ಸ್ಥಾನ ವಿಶ್ವಾಸದ ಸ್ಥಾನ, ಷೇರು ಹಂಚುವ ಅಧಿಕಾರ ಕಂಪನಿಯ ಹಿತಕ್ಕಾಗಿ ಇದೆಯೇ ಹೊರತು ಹಿಡಿತ ಕಸಿದುಕೊಳ್ಳುವುದಕ್ಕಲ್ಲ ಎಂಬ ನೆಲೆಯಲ್ಲಿ ಆ ಹಂಚಿಕೆಯನ್ನು ನ್ಯಾಯಾಲಯ ಎತ್ತಿಹಿಡಿಯಲಿಲ್ಲ.

ಇಲ್ಲೊಂದು ಅಂಶ ಹೆಚ್ಚು ಜನರಿಗೆ ಗೊತ್ತಿಲ್ಲ. ದಬ್ಬಾಳಿಕೆ ಮತ್ತು ದುರಾಡಳಿತದ ವಿರುದ್ಧ ನ್ಯಾಯಮಂಡಳಿಗೆ ಹೋಗಲು ನೂರು ಸದಸ್ಯರು, ಇಲ್ಲವೇ ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಭಾಗ, ಇವೆರಡರಲ್ಲಿ ಕಡಿಮೆಯಾದದ್ದು ಸಾಕು ಎಂದು 244ನೆಯ ಪರಿಚ್ಛೇದ ಹೇಳುತ್ತದೆ. ಹತ್ತನೆಯ ಒಂದು ಭಾಗ ಬಂಡವಾಳ ಇದ್ದರೂ ಆಗುತ್ತದೆ. ದೊಡ್ಡ ಕಂಪನಿಗಳಲ್ಲಿ ಈ ಮಿತಿ ಕಲ್ಲುಗೋಡೆ. ಟಾಟಾ ಸನ್ಸ್‌ನಲ್ಲಿ ಶೇಕಡಾ 18ಕ್ಕೂ ಹೆಚ್ಚು ಸಾಮಾನ್ಯ ಷೇರು ಹೊಂದಿದ್ದ ಮಿಸ್ತ್ರಿ ಕುಟುಂಬದ ಸಂಸ್ಥೆಗಳಿಗೂ, ಆದ್ಯತಾ ಷೇರುಗಳನ್ನು ಸೇರಿಸಿ ಎಣಿಸಿದಾಗ ಮಿತಿ ಮುಟ್ಟದೆ, 2017ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯಿಂದ ವಿನಾಯಿತಿ ಪಡೆಯಬೇಕಾಯಿತು. ಆದರೆ ಎಂಟು ಮಂದಿ ಸದಸ್ಯರಿರುವ ಮನೆಯ ಕಂಪನಿಯಲ್ಲಿ ಒಬ್ಬಳೇ ತಂಗಿ ಹತ್ತನೆಯ ಒಂದಕ್ಕಿಂತ ಹೆಚ್ಚು. ಅವಳ ಪಾಲು ನೂರರಲ್ಲಿ ಎರಡೇ ಆಗಿದ್ದರೂ ಅವಳು ಅರ್ಜಿ ಹಾಕಬಹುದು.

ಅಣ್ಣ ತಂಗಿಯರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಲಿ ಎಂಬುದು ಯಾರ ಬಯಕೆಯೂ ಅಲ್ಲ. ಅಲ್ಲಿಗೆ ಹೋದ ಮನೆಗಳು ಮರಳಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಅಪರೂಪ. ಆದ್ದರಿಂದಲೇ ಮೊದಲು ಮಾಡಬೇಕಾದ ಸಣ್ಣ ಕೆಲಸಗಳ ಕಡೆ ಗಮನ ಬೇಕು. ಸಾಮಾನ್ಯ ಸಭೆಯ ನಡವಳಿ ಪುಸ್ತಕವನ್ನು ಶುಲ್ಕವಿಲ್ಲದೆ ನೋಡುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ 119ನೆಯ ಪರಿಚ್ಛೇದದಲ್ಲಿದೆ. ದೀಪಾವಳಿಗೆ ಊರಿಗೆ ಹೋದಾಗ ಆ ಪುಸ್ತಕವನ್ನು ತರಿಸಿ, ಎಲ್ಲರೂ ಕುಳಿತು ಒಮ್ಮೆ ಓದಲಿ. ನಡೆಯದ ಸಭೆಯ ನಡವಳಿ ಅಲ್ಲಿದ್ದರೆ, ಹಾಜರಿದ್ದವರ ಪಟ್ಟಿಯಲ್ಲಿ ಆ ದಿನ ಚೆನ್ನೈಯಲ್ಲಿದ್ದ ತಂಗಿಯ ಹೆಸರಿದ್ದರೆ, ಅದಕ್ಕೆ ಸೂತ್ರಕಾರರು ಕೊಟ್ಟ ಹೆಸರು ಮೊದಲೇ ಹೇಳಿದ್ದೇ. ಅಣ್ಣನ ಮನಸ್ಸಿನಲ್ಲಿ ಕಪಟವಿಲ್ಲದಿದ್ದರೂ ಬರಹ ಕೂಟಲೇಖವೇ. ಅವನಿಗೂ ಅದನ್ನು ತಿದ್ದಿಕೊಳ್ಳಲು ಅದು ಅವಕಾಶ.

ಮಿಂಚಂಚೆಯ ಪೆಟ್ಟಿಗೆಯಲ್ಲಿರುವ ಇನ್ನೊಂದು ಸೂಚನೆ, ದೊಡ್ಡ ಕಂಪನಿಯದು, ಇಪ್ಪತ್ತೊಂದು ದಿನ ಮುಂಚಿತವಾಗಿಯೇ ಬಂದಿರುತ್ತದೆ. ಅದರಲ್ಲಿ ಸಂಬಂಧಿತ ಪಕ್ಷಗಳ ವ್ಯವಹಾರದ ವಿವರಣೆ, ಮರುನೇಮಕವಾಗುವ ನಿರ್ದೇಶಕರು ಹಿಂದಿನ ವರ್ಷ ಎಷ್ಟು ಸಭೆಗಳಿಗೆ ಹಾಜರಾದರೆಂಬ ಲೆಕ್ಕ, ಅವರ ಸಂಬಳ ಎಲ್ಲವೂ ಇರುತ್ತದೆ. ಮನೆಯಲ್ಲಿ ಲೆಕ್ಕ ಬಲ್ಲ ಮಗಳಿದ್ದರೆ ಅವಳ ಕೈಗೆ ಕೊಡಲಿ. ಇ-ಮತದಾನ ಕನಿಷ್ಠ ಮೂರು ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಸಂಜೆಯ ಪ್ರವಚನಕ್ಕೆ ಹೊರಡುವುದು ಅದಾದ ಮೇಲೆಯೇ.